ಮಳೆಗಾಲಕ್ಕೆ ತೋಟದಲ್ಲಿ ನಿಲ್ಲಿಸಿದ ಕ್ಯಾರವಾನ್ ಕಳುವಾದರೆ ಹೊಣೆ ಯಾರದು?

ಗಾಡಿ ಕಳುವಾದರೆ ಇನ್ಶೂರೆನ್ಸ್ ಹಣ ಬರುತ್ತದೋ ಇಲ್ಲವೋ? ಈ ಬಗ್ಗೆ ಸುಪ್ರೀಂ ಕೋರ್ಟ್ ತೀರ್ಪಿನ ಸುದ್ದಿಗಳು ಆಗಾಗ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತವೆ. ಒಂದರಲ್ಲಿ ‘ಕೀಲಿ ಗಾಡಿಯಲ್ಲೇ ಬಿಟ್ಟಿದ್ದರೂ ಮುಕ್ಕಾಲು ಹಣ ಕೊಡಿ’ ಅಂತ ಇರುತ್ತದೆ. ಇನ್ನೊಂದರಲ್ಲಿ ‘ನೋಂದಣಿ ಮುಗಿದಿತ್ತು, ಒಂದು ರೂಪಾಯಿಯೂ ಇಲ್ಲ’ ಅಂತ. ಮತ್ತೊಂದರಲ್ಲಿ ಗಾಡಿ ನಿಲ್ಲಿಸಿಕೊಂಡ ಹೋಟೆಲಿನವರೇ ನಷ್ಟ ತುಂಬಿಕೊಡಬೇಕು ಅಂತ. ಮೂರೂ ನಿಜವಾದ ತೀರ್ಪುಗಳೇ. ಮೂರನ್ನೂ ಒಟ್ಟಿಗೆ ಓದಿದವರಿಗೆ ಗೊಂದಲವಾಗುವುದೂ ಸಹಜ.

ಕೊಡಗಿನ ತೋಟ, ಹೋಂಸ್ಟೇಗಳಲ್ಲಿ ಕ್ಯಾರವಾನ್ ನಿಲ್ಲಿಸುವವರಿಗೆ ಮತ್ತು ನಿಲ್ಲಿಸಿಕೊಳ್ಳುವವರಿಗೆ ಈ ಮೂರೂ ಸುದ್ದಿ ಒಟ್ಟಿಗೇ ಅನ್ವಯಿಸುತ್ತವೆ. ಅದು ಹೇಗೆ ಅಂತ ಒಂದೊಂದಾಗಿ ನೋಡೋಣ.

ನಾಲ್ಕು ತಿಂಗಳು ನಿಂತಲ್ಲೇ ನಿಲ್ಲುವ ಗಾಡಿ

ಹಾಸಿಗೆ, ಅಡುಗೆ ಕಟ್ಟೆ, ಟಾಯ್ಲೆಟ್ ಎಲ್ಲ ಒಳಗೇ ಇರುವ ಗಾಡಿಗೆ ಕ್ಯಾರವಾನ್ ಅನ್ನುತ್ತಾರೆ. ಇದರಲ್ಲಿ ಎರಡು ಬಗೆ. ಟೆಂಪೊ ಟ್ರಾವೆಲರ್‌ನಂಥ ವ್ಯಾನಿನ ಒಳಭಾಗ ಬದಲಿಸಿ ಮಾಡಿದ್ದು ಒಂದು. ಎಂಜಿನ್ ಇಲ್ಲದ, ಜೀಪಿಗೋ ಎಸ್‌ಯುವಿಗೋ ಕಟ್ಟಿ ಎಳೆಯುವ ಟ್ರೇಲರ್ ಇನ್ನೊಂದು. ಪಕ್ಕದ ಕೇರಳ 2021ರಲ್ಲಿ ಕ್ಯಾರವಾನ್ ಪ್ರವಾಸಕ್ಕೆಂದೇ ನೀತಿ ತಂದಿತು. ಆಮೇಲೆ ಈ ಗಾಡಿಗಳ ಮಾತು ನಮ್ಮ ಕಡೆಯೂ ಜಾಸ್ತಿಯಾಗಿದೆ.

ಕೊಡಗಿನಲ್ಲಿ ಕ್ಯಾರವಾನ್ ಓಡಾಡುವುದು ಹೆಚ್ಚಾಗಿ ಮಳೆ ನಿಂತ ಮೇಲೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಷ್ಟು ಎತ್ತರದ ಗಾಡಿಯನ್ನು ಸಂಪಾಜೆ ಘಾಟಿಯಲ್ಲಿ, ಮಾಕುಟ್ಟದ ತಿರುವಿನಲ್ಲಿ ಓಡಿಸಲು ಯಾರಿಗೂ ಮನಸ್ಸಾಗುವುದಿಲ್ಲ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಕಡೆ ಗುಡ್ಡ ಕುಸಿದದ್ದು ಇನ್ನೂ ಎಲ್ಲರ ನೆನಪಿನಲ್ಲಿದೆ. ಹಾಗಂತ ಗಾಡಿಯನ್ನು ಬೆಂಗಳೂರಿಗೋ ಮೈಸೂರಿಗೋ ಒಯ್ದರೆ, ಮನೆ ಮುಂದೆ ಅಷ್ಟುದ್ದದ ಜಾಗ ಇರುವುದಿಲ್ಲ. ಊರಲ್ಲಿ ತೋಟ ಇದ್ದವರು, ಪರಿಚಯದ ಹೋಂಸ್ಟೇ ಇದ್ದವರು ಅಲ್ಲೇ ಟಾರ್ಪಾಲು ಹೊದಿಸಿ ಬಿಟ್ಟು ಬರುತ್ತಾರೆ.

ಇಲ್ಲಿಂದಲೇ ತೊಂದರೆ ಶುರು. ಮಳೆಗಾಲದಲ್ಲಿ ತೋಟದಲ್ಲಿ ಜನ ಕಡಿಮೆ. ಗಾಳಿಮಳೆಗೆ ಕೊಂಬೆ ಬಿದ್ದು ಕರೆಂಟು ಹೋದರೆ ಎರಡು-ಮೂರು ದಿನ ಬರದಿರುವುದೂ ಉಂಟು. ಶೀಟಿನ ಮೇಲೆ ಬೀಳುವ ಮಳೆಯ ಸದ್ದಿನಲ್ಲಿ ಹೊರಗೆ ಸುತ್ತಿಗೆ ಬಡಿದರೂ ಒಳಗಿದ್ದವರಿಗೆ ಕೇಳಿಸುವುದಿಲ್ಲ. ಪೇಟೆ ಬೀದಿಯಲ್ಲಿ ಗಾಡಿಗೆ ಕೈ ಹಾಕುವವನಿಗೆ ಹೆಚ್ಚೆಂದರೆ ಐದು ನಿಮಿಷ ಸಿಗಬಹುದು. ಇಲ್ಲಿ ಇಡೀ ರಾತ್ರಿ ಸಿಗುತ್ತದೆ.

ಕಳುವಾಗುವುದು ಗಾಡಿಯೋ, ಗಾಡಿಯ ಒಳಗಿನದ್ದೋ

ಎಂಜಿನ್ ಇರುವ ಕ್ಯಾರವಾನನ್ನು ಇಡಿಯಾಗಿ ಕದ್ದು ಹಾಗೇ ಮಾರುವುದು ಕಷ್ಟ. ಗುರುತು ಸಿಗುವ ಗಾಡಿ ಅದು. ಆದರೆ ಒಳಗಿನದ್ದನ್ನೆಲ್ಲ ಕಿತ್ತು ಹಾಕಿದರೆ ಅದೂ ಒಂದು ಮಾಮೂಲಿ ವ್ಯಾನ್ ಅಷ್ಟೆ. ಟ್ರೇಲರ್‌ನ ಕತೆ ಬೇರೆ. ಅದಕ್ಕೆ ಕೀಲಿಯೇ ಬೇಡ. ಹಿಂದೆ ಕೊಕ್ಕೆ ಇರುವ ಯಾವ ಪಿಕಪ್ ಬಂದರೂ ಎಳೆದುಕೊಂಡು ಹೋಗಬಹುದು.

ಹೆಚ್ಚು ಸುಲಭದ ಕಳ್ಳತನ ಬಿಡಿ ಸಾಮಾನಿನದ್ದು. ಲಿಥಿಯಂ ಬ್ಯಾಟರಿ, ಇನ್ವರ್ಟರ್, ಚಾವಣಿಯ ಸೋಲಾರ್ ಪ್ಯಾನೆಲ್, ಸ್ಟೆಪ್ನಿ, ಗ್ಯಾಸ್ ಸಿಲಿಂಡರ್. ಇವೆಲ್ಲ ಒಂದು ಆಟೊದಲ್ಲಿ ಹೋಗುವ ಸಾಮಾನು, ತಕ್ಷಣ ಗಿರಾಕಿಯೂ ಸಿಗುತ್ತಾನೆ. ಗಾಡಿ ನಿಂತಲ್ಲೇ ಇರುವುದರಿಂದ ಕಳುವಾಗಿದೆ ಅಂತ ಗೊತ್ತಾಗುವುದೇ ಮಳೆ ನಿಂತು ಟಾರ್ಪಾಲು ತೆಗೆದ ಮೇಲೆ.

ಬ್ರಿಟನ್ನಿನಲ್ಲಿ ಎಳೆಯುವ ಕ್ಯಾರವಾನಿಗೆ ಸ್ವಂತ ನೋಂದಣಿ ಸಂಖ್ಯೆ ಇಲ್ಲ. ಎಳೆಯುವ ಕಾರಿನ ನಂಬರನ್ನೇ ಹಿಂದೆ ತಗುಲಿಸಿಕೊಂಡು ಓಡುತ್ತದೆ. ಕದ್ದದ್ದು ಯಾವುದು, ಕೊಂಡದ್ದು ಯಾವುದು ಅಂತ ಹೇಳಲು ಆಗುತ್ತಿರಲಿಲ್ಲ. ಹಾಗಾಗಿ ಅಲ್ಲಿನ ಕ್ಯಾರವಾನ್ ಉದ್ಯಮದವರೇ 1992ರಲ್ಲಿ ‘ಕ್ರಿಸ್’ ಎಂಬ ನೋಂದಣಿ ಪದ್ಧತಿ ಶುರು ಮಾಡಿ, ಕಿಟಕಿಗಳ ಮೇಲೆ ಸಂಖ್ಯೆ ಕೆತ್ತಿಸಿದರು. ನಮ್ಮ ಮೋಟಾರು ವಾಹನ ಕಾಯ್ದೆಯಲ್ಲಿ ಟ್ರೇಲರ್ ಕೂಡ ‘ಮೋಟಾರು ವಾಹನ’ದ ವ್ಯಾಖ್ಯೆಯೊಳಗೇ ಬರುತ್ತದೆ. ಅದಕ್ಕೂ ಆರ್‌ಸಿ ಬೇಕು, ನಂಬರ್ ಬೇಕು. ಈ ವಿಷಯದಲ್ಲಿ ನಾವು ಒಂದು ಹೆಜ್ಜೆ ಮುಂದಿದ್ದೇವೆ. ಆದರೆ ಸಂಖ್ಯೆ ಕೆತ್ತಿಸುವ ಅವರ ಅಭ್ಯಾಸ ನಮಗೂ ಬೇಕು. ಚಾಸಿಸ್ ನಂಬರನ್ನು ಪ್ರತಿ ಗಾಜಿನ ಮೇಲೆ, ಬ್ಯಾಟರಿ ಪೆಟ್ಟಿಗೆಯ ಮೇಲೆ, ಇನ್ವರ್ಟರ್ ಮೇಲೆ ಕೆತ್ತಿಸಿ ಫೋಟೊ ತೆಗೆದಿಟ್ಟರೆ, ಗುಜರಿಯಲ್ಲಿ ಸಿಕ್ಕ ಬ್ಯಾಟರಿ ಯಾರದೆಂದು ಪೊಲೀಸರಿಗೆ ಹೇಳಲು ಒಂದು ಆಧಾರ ಇರುತ್ತದೆ. ಇಲ್ಲದಿದ್ದರೆ ಅದು ಸುಮ್ನೆ ಒಂದು ಬ್ಯಾಟರಿ.

ಬೀಗ, ಕೆಸರು, ತುಕ್ಕು

ಟ್ರೇಲರ್‌ನ ಮೂತಿಯಲ್ಲಿ ಒಂದು ಲೋಹದ ಬಟ್ಟಲು ಇರುತ್ತದೆ. ಎಳೆಯುವ ಗಾಡಿಯ ಹಿಂದಿನ ಗುಂಡು ಅದರೊಳಗೆ ಕೂರುತ್ತದೆ. ಹಿಚ್ ಲಾಕ್ ಆ ಬಟ್ಟಲನ್ನು ಮುಚ್ಚಿಬಿಡುತ್ತದೆ, ಗುಂಡು ಒಳಗೆ ಹೋಗದ ಹಾಗೆ. ವೀಲ್ ಕ್ಲಾಂಪ್ ಚಕ್ರವನ್ನು ಹಿಡಿದು ತಿರುಗದಂತೆ ಮಾಡುತ್ತದೆ. ವ್ಯಾನಿಗಾದರೆ ಸ್ಟೀರಿಂಗ್ ಲಾಕ್, ಗೇರ್ ಲಾಕ್ ಇವೆ. ಎಲ್ಲವೂ ಒಳ್ಳೆಯವೇ.

ಆದರೆ ಕೊಡಗಿನ ಮಳೆಯಲ್ಲಿ ಇವುಗಳಿಗೆ ಏನಾಗುತ್ತದೆ ನೋಡಿ. ಮಣ್ಣು ನೆಲದಲ್ಲಿ ನಿಲ್ಲಿಸಿದ ಗಾಡಿಯ ಟೈರು ಜುಲೈ ಹೊತ್ತಿಗೆ ನಾಲ್ಕು ಬೆರಳು ಹೂತಿರುತ್ತದೆ. ಕ್ಲಾಂಪಿನ ಕೆಳಗಿನ ಭಾಗ ಕೆಸರೊಳಗೆ. ಬೀಗದ ತೂತಿಗೆ ನೀರು ಇಳಿದು, ಸೆಪ್ಟೆಂಬರಿನಲ್ಲಿ ಕೀಲಿ ಹಾಕಿದರೆ ತಿರುಗುವುದಿಲ್ಲ. ಕೊನೆಗೆ ಮಾಲೀಕರೇ ಮೆಕ್ಯಾನಿಕ್ ಕರೆಸಿ ಕಟ್ ಮಾಡಿಸಬೇಕು. ಮುಂದಿನ ವರ್ಷ ಆ ತಾಪತ್ರಯವೇ ಬೇಡ ಅಂತ ಸಾದಾ ಚೈನು, ಅಂಗಡಿಯ ಮಾಮೂಲಿ ಬೀಗ. ಗಟ್ಟಿ ನೆಲದಲ್ಲಿ ನಿಲ್ಲಿಸಿ, ಬೀಗದ ತೂತಿಗೆ ರಬ್ಬರ್ ಮುಚ್ಚಳ ಹಾಕಿ, ತಿಂಗಳಿಗೊಮ್ಮೆ ಎಣ್ಣೆ ಬಿಟ್ಟು ತಿರುಗಿಸಿ ನೋಡಿದರೆ ಇದು ತಪ್ಪುತ್ತದೆ. ಚಿಕ್ಕ ಕೆಲಸ. ಆದರೆ ಅದಕ್ಕೆ ತಿಂಗಳಿಗೊಮ್ಮೆ ಯಾರಾದರೂ ಅಲ್ಲಿಗೆ ಹೋಗಬೇಕಲ್ವಾ? ಹಾಗೆ ಹೋಗಿ ಬರುವುದರಿಂದಲೇ ಬೀಗಕ್ಕಿಂತ ಜಾಸ್ತಿ ಉಪಯೋಗ. ಬೀಗದಿಂದ ಕಳ್ಳನ ಕೆಲಸ ಸ್ವಲ್ಪ ಹೊತ್ತು ತಡವಾಗುತ್ತದೆ, ಅಷ್ಟೆ. ಆ ಹೊತ್ತಿನಲ್ಲಿ ನೋಡಲು, ಕೇಳಿಸಿಕೊಳ್ಳಲು ಒಬ್ಬ ಮನುಷ್ಯ ಇದ್ದರೆ ಮಾತ್ರ ಆ ತಡಕ್ಕೆ ಅರ್ಥ.

ಜಿಪಿಎಸ್ ಬೇಕಾದ ಕಾಲಕ್ಕೇ ಯಾಕೆ ಮಲಗುತ್ತದೆ

‘ಜಿಪಿಎಸ್ ಹಾಕಿಸಿದ್ದೇನೆ, ಚಿಂತೆಯಿಲ್ಲ’ ಅನ್ನುವವರು ಬಹಳ ಜನ. ಓಡುವ ಗಾಡಿಗೆ ಈ ಮಾತು ಸರಿ. 2019ರ ಜನವರಿ 1ರ ನಂತರ ನೋಂದಣಿಯಾದ ಪ್ರಯಾಣಿಕರ ಬಾಡಿಗೆ ವಾಹನಗಳಿಗೆ ಇಂಥ ಸಾಧನ ಕಡ್ಡಾಯವೂ ಹೌದು. ನಿಂತ ಗಾಡಿಯ ವಿಷಯ ಬೇರೆ.

ಟ್ರ್ಯಾಕರ್‌ಗೆ ಕರೆಂಟು ಬರುವುದು ಗಾಡಿಯ ಬ್ಯಾಟರಿಯಿಂದ. ನಾಲ್ಕು ತಿಂಗಳು ಓಡಿಸದೆ ಬಿಟ್ಟರೆ ಬ್ಯಾಟರಿ ಇಳಿಯುತ್ತದೆ. ಅದು ಹಾಳಾಗಬಾರದು ಅಂತ ಮಾಲೀಕರು ನೆಗೆಟಿವ್ ಟರ್ಮಿನಲ್ ಕಳಚಿ ಹೋಗುತ್ತಾರೆ. ಬ್ಯಾಟರಿಗೆ ಅದು ಒಳ್ಳೆಯದೇ. ಆದರೆ ಅದೇ ಗಳಿಗೆಯಿಂದ ಟ್ರ್ಯಾಕರ್ ತನ್ನೊಳಗಿನ ಪುಟ್ಟ ಬ್ಯಾಟರಿ ಮೇಲೆ ಬದುಕಬೇಕು. ಅದು ಉಳಿಯುವುದು ಕೆಲವು ಗಂಟೆ, ಹೆಚ್ಚೆಂದರೆ ಕೆಲವು ದಿನ. ಸೋಲಾರ್ ಇದೆಯಲ್ಲ ಅಂದರೆ, ಸಿಲ್ವರ್ ಓಕ್ ಮರದಡಿ, ಜುಲೈ ಮೋಡದಲ್ಲಿ, ಟಾರ್ಪಾಲಿನ ಕೆಳಗೆ ಪ್ಯಾನೆಲ್ ಏನು ಮಾಡೀತು?

ಎರಡನೆಯದು ಸಿಗ್ನಲ್. ಟ್ರ್ಯಾಕರ್ ತಾನು ಎಲ್ಲಿದ್ದೇನೆ ಅಂತ ತಿಳಿಸುವುದು ಸಿಮ್ ಕಾರ್ಡಿನ ಮೂಲಕ. ಕರೆಂಟು ಹೋಗಿ ಹೊತ್ತಾದರೆ ಟವರ್ ಕೂಡ ನಿಲ್ಲುತ್ತದೆ. ರೀಚಾರ್ಜ್ ಅವಧಿ ಮುಗಿದರೂ ಅಷ್ಟೇ. ಟ್ರ್ಯಾಕರ್ ಬೇಡ ಅಂತ ಹೇಳುತ್ತಿಲ್ಲ. ಗಾಡಿಯ ಬ್ಯಾಟರಿಯನ್ನು ನೆಚ್ಚದ, ತನ್ನದೇ ದೊಡ್ಡ ಬ್ಯಾಟರಿ ಇರುವ, ದಿನಕ್ಕೊಂದೆರಡು ಸಲ ಮಾತ್ರ ಎಚ್ಚರವಾಗಿ ಸಂದೇಶ ಕಳಿಸುವ ಟ್ರ್ಯಾಕರ್‌ಗಳೂ ಇವೆ. ನಿಲ್ಲಿಸಿಡುವ ಗಾಡಿಗೆ ಅಂಥದ್ದು ಬೇಕು. ಮತ್ತು ಸಂದೇಶ ಬಾರದ ದಿನ ತೋಟಕ್ಕೆ ಫೋನ್ ಮಾಡಿ ವಿಚಾರಿಸುವ ಅಭ್ಯಾಸವೂ ಬೇಕು.

‘ಓನರ್ಸ್ ರಿಸ್ಕ್’ ಬೋರ್ಡಿಗೆ ಎಷ್ಟು ಬೆಲೆ

ಈಗ ಜಗಳದ ವಿಷಯಕ್ಕೆ ಬರೋಣ. ಹೋಂಸ್ಟೇಯವರ ವಾದ ಹೀಗೆ: ‘ಜಾಗ ಕೊಟ್ಟಿದ್ದೇವೆ ಅಷ್ಟೆ, ಕಾವಲು ಕಾಯುತ್ತೇವೆ ಅಂತ ಹೇಳಿಲ್ಲ. ಹೊಣೆ ಮಾಲೀಕರದ್ದೇ ಅಂತ ಬೋರ್ಡೂ ಹಾಕಿದ್ದೇವೆ.’ ಗಾಡಿ ಮಾಲೀಕರದ್ದು: ‘ನಿಮ್ಮ ಗೇಟಿನೊಳಗೆ ಬಿಟ್ಟಿದ್ದೇವೆ, ನೀವೇ ನೋಡಿಕೊಳ್ಳಬೇಕು.’ ಎರಡೂ ಕಡೆ ನ್ಯಾಯ ಇದೆ ಅನಿಸುತ್ತದೆ. ಕಾನೂನು ಕೇಳುವುದು ಬೇರೆಯೇ ಒಂದು ಪ್ರಶ್ನೆ: ಕೀಲಿ ಯಾರ ಕೈಯಲ್ಲಿತ್ತು?

2019ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ದೆಹಲಿಯ ಒಂದು ದೊಡ್ಡ ಹೋಟೆಲಿನ ಪ್ರಕರಣವನ್ನು ತೀರ್ಮಾನಿಸಿತು. 1998ರಲ್ಲಿ ಒಬ್ಬ ಗ್ರಾಹಕರು ತಮ್ಮ ಮಾರುತಿ ಝೆನ್ ಕಾರಿನ ಕೀಲಿಯನ್ನು ಪಾರ್ಕಿಂಗ್ ಸಿಬ್ಬಂದಿಗೆ ಕೊಟ್ಟು ಒಳಗೆ ಹೋಗಿದ್ದರು. ಹೊರಗೆ ಬರುವಷ್ಟರಲ್ಲಿ ಕಾರು ಇರಲಿಲ್ಲ. ಚೀಟಿಯಲ್ಲಿ ‘ಮಾಲೀಕರ ಹೊಣೆಯಲ್ಲಿ’ ಅಂತ ಅಚ್ಚಾಗಿತ್ತು. ಕೋರ್ಟ್ ಹೇಳಿದ್ದರ ಸಾರ ಇಷ್ಟು: ಕೀಲಿ ಪಡೆದ ಮೇಲೆ ವಾಹನ ಹೋಟೆಲಿನ ವಶದಲ್ಲಿದೆ. ತಾನು ತಕ್ಕ ಎಚ್ಚರ ವಹಿಸಿದ್ದೆ ಅಂತ ಹೋಟೆಲೇ ಮೊದಲು ತೋರಿಸಬೇಕು. ಸ್ವಂತ ನಿರ್ಲಕ್ಷ್ಯಕ್ಕೆ ಆ ಅಚ್ಚಾದ ಸಾಲು ರಕ್ಷಣೆ ಕೊಡುವುದಿಲ್ಲ.

ಇದರ ಬೇರು 1872ರ ಭಾರತೀಯ ಕರಾರು ಕಾಯ್ದೆಯಲ್ಲಿದೆ. ಬೇರೆಯವರ ವಸ್ತುವನ್ನು ವಶಕ್ಕೆ ತೆಗೆದುಕೊಂಡವನು, ಸಾಮಾನ್ಯ ವಿವೇಕದ ಮನುಷ್ಯ ತನ್ನ ಸ್ವಂತ ವಸ್ತುವನ್ನು ಎಷ್ಟು ಜೋಪಾನ ಮಾಡುತ್ತಾನೋ ಅಷ್ಟು ಮಾಡಬೇಕು ಅನ್ನುತ್ತದೆ ಅದರ 151ನೇ ಸೆಕ್ಷನ್. ಬಾಡಿಗೆ ತೆಗೆದುಕೊಳ್ಳದೆ, ಪರಿಚಯಕ್ಕೆಂದು ಇಟ್ಟುಕೊಂಡವರಿಗೂ ಇದೇ ಅಳತೆ. ಅಷ್ಟು ಜೋಪಾನ ಮಾಡಿಯೂ ಕಳುವಾದರೆ ಅವರ ಮೇಲೆ ಹೊಣೆ ಬರುವುದಿಲ್ಲ.

ಕೊಡಗಿನ ಹೋಂಸ್ಟೇಗೆ ಇದನ್ನು ಹಚ್ಚಿ ನೋಡಿ. ‘ಮಳೆಗೆ ಮರ ಬಿದ್ದರೆ ಸ್ವಲ್ಪ ಆಚೆ ತೆಗೀರಿ’ ಅಂತ ಮಾಲೀಕರು ಕೀಲಿ ಕೊಟ್ಟು ಹೋಗುವುದು ಸಾಮಾನ್ಯ. ತೋಟದ ರೈಟರು (ಲೆಕ್ಕ ಬರೆಯುವವರು) ಅದನ್ನು ಆಫೀಸಿನ ಮೊಳೆಗೆ ನೇತು ಹಾಕುತ್ತಾರೆ. ಅಲ್ಲಿಗೆ ಗಾಡಿ ಹೋಂಸ್ಟೇಯ ವಶಕ್ಕೆ ಬಂತು ಅಂತ ವಾದಿಸಲು ಬಲವಾದ ಆಧಾರ ಸಿಕ್ಕಿತು. ಆ ಮೊಳೆ ಎಲ್ಲರ ಕೈಗೂ ಎಟುಕುತ್ತಿದ್ದರೆ, ಜೋಪಾನ ಮಾಡಿದ್ದೆವು ಅಂತ ಹೇಳುವುದು ಕಷ್ಟ. ಕೀಲಿ ಕೊಡದೆ, ಬರೀ ಜಾಗ ಮಾತ್ರ ತೆಗೆದುಕೊಂಡಿದ್ದರೆ ಮಾಲೀಕರ ವಾದ ಅಷ್ಟೇ ಸಡಿಲ. ಈ ವ್ಯತ್ಯಾಸ ಎರಡೂ ಕಡೆಯವರಿಗೆ ಕಳುವಿಗೆ ಮೊದಲೇ ಗೊತ್ತಿರಬೇಕು. ಪರಿಚಯದವರ ನಡುವೆ ಕಾಗದ ಬರೆಸುವುದು ನಮ್ಮಲ್ಲಿ ಸಂಕೋಚದ ವಿಷಯ, ನಿಜ. ಆದರೆ ಎಷ್ಟೋ ವರ್ಷದ ಸ್ನೇಹ ಗ್ರಾಹಕ ಕಮಿಷನ್ ಮುಂದೆ ಮುರಿದು ಬೀಳುವುದಕ್ಕಿಂತ ಒಂದು ಪುಟದ ಪತ್ರ ವಾಸಿ.

ಇನ್ಶೂರೆನ್ಸ್ ತೀರ್ಪುಗಳು ಒಂದಕ್ಕೊಂದು ವಿರುದ್ಧವೇ?

ಮೊದಲು ಒಂದು ಮೂಲ ಮಾತು. ಕಡ್ಡಾಯವಿರುವ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ಕಳುವಿಗೆ ಹಣ ಇಲ್ಲವೇ ಇಲ್ಲ. ಮಳೆಗಾಲದಲ್ಲಿ ಓಡಿಸುವುದಿಲ್ಲ ಅಂತ, ಕಳುವಿಗೂ ಹಣ ಕೊಡುವ ಕಾಂಪ್ರಹೆನ್ಸಿವ್ ಪಾಲಿಸಿ ನವೀಕರಿಸದೆ ಬಿಡುವವರು, ಗಾಡಿಗೆ ಹೆಚ್ಚು ಅಪಾಯ ಇರುವ ಕಾಲದಲ್ಲೇ ರಕ್ಷಣೆ ಕಳೆದುಕೊಳ್ಳುತ್ತಾರೆ.

ಈಗ ತೀರ್ಪುಗಳು. 2023ರಲ್ಲಿ ಬಂದದ್ದು ಲಾರಿಯೊಂದರ ಪ್ರಕರಣ. ಚಾಲಕ ಕೀಲಿ ಬಿಟ್ಟು ಕೆಳಗಿಳಿದಿದ್ದಾಗ ಲಾರಿ ಹೋಯಿತು. ಎಚ್ಚರ ತಪ್ಪಿದ್ದು ಹೌದು, ಆದರೆ ಇಡೀ ಪಾಲಿಸಿ ಬಿದ್ದುಹೋಗುವಷ್ಟು ದೊಡ್ಡ ತಪ್ಪಲ್ಲ ಅಂತ ಕೋರ್ಟ್ 75 ಶೇಕಡಾ ಕೊಡಿಸಿತು. 2021ರದ್ದು ಹೊಸ ಬೊಲೆರೊ ಪ್ರಕರಣ. ತಾತ್ಕಾಲಿಕ ನೋಂದಣಿ ಮುಗಿದ ಕೆಲವೇ ದಿನಗಳಲ್ಲಿ, ಜೋಧಪುರದ ಒಂದು ಗೆಸ್ಟ್ ಹೌಸಿನ ಹೊರಗೆ ರಾತ್ರಿ ನಿಲ್ಲಿಸಿದ್ದ ಗಾಡಿ ಬೆಳಗ್ಗೆ ಇರಲಿಲ್ಲ. ಕ್ರಮಬದ್ಧ ನೋಂದಣಿ ಇಲ್ಲದೆ ಗಾಡಿ ರಸ್ತೆಗಿಳಿದದ್ದೇ ಪಾಲಿಸಿಯ ಮೂಲ ಷರತ್ತಿನ ಉಲ್ಲಂಘನೆ ಅಂತ ಏನೂ ಸಿಗಲಿಲ್ಲ. ಮೂರನೆಯದು 2020ರ ಜನವರಿಯ ತ್ರಿಸದಸ್ಯ ಪೀಠದ ತೀರ್ಪು. ಟ್ರ್ಯಾಕ್ಟರ್ ಕಳುವಾದ ದಿನವೇ ಎಫ್‌ಐಆರ್ ಆಗಿತ್ತು, ಕಂಪನಿಗೆ ತಿಳಿಸಿದ್ದು 52 ದಿನ ತಡವಾಗಿ. ಪೊಲೀಸರಿಗೆ ತಕ್ಷಣ ಹೇಳಿದ್ದಾರೆ, ಹಾಗಾಗಿ ಕಂಪನಿಗೆ ತಡವಾಗಿ ಹೇಳಿದ ಕಾರಣಕ್ಕೆ ಮಾತ್ರ ಕ್ಲೇಮ್ ತಿರಸ್ಕರಿಸುವಂತಿಲ್ಲ ಅಂದಿತು ಕೋರ್ಟ್.

ಒಟ್ಟಿಗೆ ಇಟ್ಟು ನೋಡಿದರೆ ವಿರೋಧ ಕಾಣುವುದಿಲ್ಲ. ಮನುಷ್ಯ ಸಹಜವಾದ ಮರೆವಿಗೆ ಕೋರ್ಟ್ ಸ್ವಲ್ಪ ಕರುಣೆ ತೋರಿಸಿದೆ. ಪೊಲೀಸರಿಗೆ ತಕ್ಷಣ ದೂರು ಕೊಟ್ಟವರನ್ನು ಕಾಪಾಡಿದೆ. ನೋಂದಣಿಯೇ ಇಲ್ಲದ ಗಾಡಿಗೆ ಮಾತ್ರ ಬಾಗಿಲು ಮುಚ್ಚಿದೆ. ಕ್ಯಾರವಾನ್ ಮಾಲೀಕರು ನಡುಗಬೇಕಾದದ್ದು ನೋಂದಣಿಯ ಈ ತೀರ್ಪಿಗೆ.

ಯಾಕೆಂದರೆ ಆರ್‌ಸಿಯಲ್ಲಿ ‘ಕ್ಯಾಂಪರ್ ವ್ಯಾನ್’ ಅನ್ನುವ ವರ್ಗವೇ ಇದೆ. ಮೋಟಾರ್ ಕ್ಯಾರವಾನ್‌ಗಳಿಗೆ ಎಐಎಸ್-124 ಎಂಬ ಮಾನದಂಡವೂ ಇದೆ. ಹೀಗಿದ್ದೂ ಮಾಮೂಲಿ ವ್ಯಾನ್ ಕೊಂಡು ಗ್ಯಾರೇಜಿನಲ್ಲಿ ಒಳಭಾಗ ಬದಲಿಸಿ, ಆರ್‌ಟಿಒದಲ್ಲಿ ಅದನ್ನು ದಾಖಲಿಸದೆ ಓಡಿಸಿದರೆ ಎರಡು ಕಡೆ ಪೆಟ್ಟು. ಗಾಡಿಯ ರೂಪ ಆರ್‌ಸಿಗೆ ಹೊಂದುವುದಿಲ್ಲ ಅಂತ ಕಂಪನಿ ತಕರಾರು ತೆಗೆಯಬಹುದು. ಕ್ಲೇಮ್ ಒಪ್ಪಿದರೂ ಪಾಲಿಸಿಯಲ್ಲಿ ಬರೆದಿರುವುದು ಖಾಲಿ ವ್ಯಾನಿನ ಬೆಲೆ. ಒಳಗಿನ ಲಕ್ಷಗಟ್ಟಲೆ ರೂಪಾಯಿಯ ಕೆಲಸಕ್ಕೆ ಲೆಕ್ಕವೇ ಇಲ್ಲ. ವ್ಯಾನಿನ ಬೆಲೆಯೂ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ: ಎರಡರಿಂದ ಮೂರು ವರ್ಷದ ಗಾಡಿಗೆ 30 ಶೇಕಡಾ, ನಾಲ್ಕರಿಂದ ಐದು ವರ್ಷದ್ದಕ್ಕೆ 50 ಶೇಕಡಾ ಕಡಿತ. ಬ್ಯಾಟರಿ, ಸೋಲಾರ್, ಫ್ರಿಜ್ ಇವನ್ನು ಬಿಲ್ ಸಮೇತ ತೋರಿಸಿ, ಸ್ವಲ್ಪ ಪ್ರೀಮಿಯಂ ಜಾಸ್ತಿ ಕಟ್ಟಿ, ಪಾಲಿಸಿಯಲ್ಲೇ ಬರೆಸಬೇಕು. ಕೆಲವು ಬಗೆಯ ಪಾಲಿಸಿಗಳಲ್ಲಿ ಗಾಡಿಯ ಜೊತೆಗೇ ಕಳುವಾದರೆ ಮಾತ್ರ ಬಿಡಿ ಸಾಮಾನಿಗೆ ಹಣ ಬರುತ್ತದೆ. ಇದನ್ನು ಏಜೆಂಟರ ಬಾಯಿಮಾತಿಗೆ ಬಿಡದೆ ಪಾಲಿಸಿ ತೆಗೆದು ಓದಬೇಕು.

ಆರು ಕಡೆ ಗಡಿ, ಕೈಯಲ್ಲಿ ಒಂದೆರಡು ಗಂಟೆ

ಕೊಡಗು ಚಿಕ್ಕ ಜಿಲ್ಲೆ, 4,102 ಚದರ ಕಿಲೋಮೀಟರ್. ಸುತ್ತ ಆರು ಜಿಲ್ಲೆಗಳು: ಮೈಸೂರು, ಹಾಸನ, ದಕ್ಷಿಣ ಕನ್ನಡ, ಕೇರಳದ ಕಾಸರಗೋಡು, ಕಣ್ಣೂರು, ವಯನಾಡು. ಕುಶಾಲನಗರದಲ್ಲಿ ಕಾವೇರಿ ಸೇತುವೆ ದಾಟಿದರೆ ಕೊಪ್ಪ, ಅದು ಮೈಸೂರು ಜಿಲ್ಲೆ. ಸಂಪಾಜೆ ಇಳಿದರೆ ಸುಳ್ಯ. ಮಾಕುಟ್ಟ ಇಳಿದರೆ ಇರಿಟಿ. ಕುಟ್ಟ ದಾಟಿದರೆ ತೋಲ್ಪೆಟ್ಟಿ, ಕರಿಕೆ ದಾಟಿದರೆ ಪಾಣತ್ತೂರು. ಈ ಮೂರೂ ಕೇರಳದಲ್ಲಿವೆ. ತೋಟದಿಂದ ಹೊರಟ ಗಾಡಿ ಬೆಳಗಾಗುವ ಮೊದಲೇ ಬೇರೆ ಜಿಲ್ಲೆಯ, ಇಲ್ಲವೇ ಬೇರೆ ರಾಜ್ಯದ ಪೊಲೀಸರ ವ್ಯಾಪ್ತಿಯಲ್ಲಿರುತ್ತದೆ.

ಆದರೆ ಇದೇ ಭೂಗೋಳ ನಮ್ಮ ಕಡೆಗೂ ಇದೆ. ಎತ್ತರದ ಗಾಡಿ ತೋಟದ ಒಳದಾರಿಗಳಲ್ಲಿ ನುಸುಳಿ ಹೋಗಲಾರದು, ಮುಖ್ಯರಸ್ತೆಗೆ ಬಂದೇ ಬರಬೇಕು. ಹೊರಗೆ ಹೋಗುವ ದೊಡ್ಡ ರಸ್ತೆಗಳು ಬೆರಳೆಣಿಕೆಯಷ್ಟು. ಗಾಡಿ ಇಲ್ಲ ಅಂತ ಗೊತ್ತಾದ ಕೂಡಲೇ 112ಕ್ಕೆ ಕರೆ ಮಾಡಿದರೆ ಚೆಕ್‌ಪೋಸ್ಟ್‌ಗಳಿಗೆ ಸುದ್ದಿ ಮುಟ್ಟಿಸಬಹುದು. ‘ಮೊದಲು ಮಾಲೀಕರಿಗೆ ಹೇಳೋಣ, ಅವರು ಬರಲಿ, ಆಮೇಲೆ ಸ್ಟೇಷನ್ನಿಗೆ’ ಅಂತ ತೋಟದವರು ಕಾಯುವುದೇ ದೊಡ್ಡ ನಷ್ಟ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಬೆಂಗಳೂರಿನಲ್ಲಿದ್ದವರು ಅಲ್ಲಿಂದಲೇ ಎಲೆಕ್ಟ್ರಾನಿಕ್ ರೂಪದಲ್ಲಿ ಕಳಿಸಿ ಮೂರು ದಿನದೊಳಗೆ ಸಹಿ ಹಾಕಿದರೂ ಆಗುತ್ತದೆ.

ಗಾಡಿ ಸಿಗದೇ ಹೋದರೆ, ಪತ್ತೆಯಾಗಿಲ್ಲ ಅಂತ ಪೊಲೀಸರು ಕೋರ್ಟಿಗೆ ‘ಸಿ’ ರಿಪೋರ್ಟ್ ಹಾಕುತ್ತಾರೆ. ಇನ್ಶೂರೆನ್ಸ್ ಕಂಪನಿ ಸಾಮಾನ್ಯವಾಗಿ ಅದನ್ನು ಕೇಳುತ್ತದೆ. ಜೊತೆಗೆ ಎರಡೂ ಕೀಲಿಗಳನ್ನು ಕೇಳುತ್ತದೆ. ಆ ಮೊಳೆಗೆ ನೇತು ಹಾಕಿದ ಕೀಲಿ ಇಲ್ಲಿ ಮತ್ತೆ ಪ್ರಶ್ನೆಯಾಗುತ್ತದೆ: ಯಾರಿಗೆ, ಯಾವಾಗ, ಯಾಕೆ ಕೊಟ್ಟಿರಿ?

ಇನ್ನೊಂದು ಮಾತು ಹೇಳಲೇಬೇಕು. ಕೊಡಗಿನಲ್ಲಿ ಮನೆಮನೆಯಲ್ಲಿ ಕೋವಿ ಇದೆ, ಕಳ್ಳರಿಗೆ ಭಯ ಇದೆ ಅನ್ನುವ ಧೈರ್ಯ ಕೆಲವರಿಗೆ. ಬರೀ ಗಾಡಿ ಕದಿಯುವವನ ಜೀವ ತೆಗೆಯುವ ಹಕ್ಕನ್ನು ಕಾನೂನು ಯಾರಿಗೂ ಕೊಟ್ಟಿಲ್ಲ. ಕತ್ತಲಲ್ಲಿ, ಮಳೆಯಲ್ಲಿ ಹಾರಿಸಿದ ಗುಂಡು ಲೈನ್ ಮನೆಯ ಕಾರ್ಮಿಕರಿಗೆ ತಗುಲಿದರೆ ಯಾವ ಪಾಲಿಸಿಯೂ ಆ ನಷ್ಟ ತುಂಬಲಾರದು.

ಕಾಫಿ ಕಣ ಖಾಲಿ ಇರುವ ಕಾಲ

ಹಾಗಾದರೆ ಎಲ್ಲಿ ನಿಲ್ಲಿಸಬೇಕು? ಕೊಡಗಿನ ತೋಟದಲ್ಲಿ ಇದಕ್ಕೆ ತಕ್ಕ ಜಾಗ ಮೊದಲಿಂದಲೂ ಇದೆ: ಕಾಫಿ ಒಣಗಿಸುವ ಕಣ. ನೆಲ ಕಾಂಕ್ರೀಟಿನದ್ದು, ಟೈರು ಹೂಳುವುದಿಲ್ಲ. ಬಿಸಿಲು ಬೀಳಲೆಂದೇ ಮಾಡಿದ ಜಾಗವಾದ್ದರಿಂದ ಮೇಲೆ ಮರ ಇರುವುದಿಲ್ಲ, ಕೊಂಬೆ ಬೀಳುವ ಭಯ ಕಡಿಮೆ. ಸಾಮಾನ್ಯವಾಗಿ ಮನೆಗೋ ಗೋದಾಮಿಗೋ ಹತ್ತಿರ, ನಾಯಿ ಬೊಗಳಿದರೆ ಕೇಳಿಸುವಷ್ಟು ದೂರದಲ್ಲಿ. ಕಾಫಿ ಕಳ್ಳರ ಕಾಟಕ್ಕೆ ಅಲ್ಲಿ ಲೈಟು, ಕ್ಯಾಮೆರಾ ಹಾಕಿಸಿದವರೂ ಇದ್ದಾರೆ. ಎಲ್ಲಕ್ಕಿಂತ ಮುಖ್ಯವಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಣ ಖಾಲಿ.

ಎರಡು ಎಚ್ಚರಿಕೆ ಬೇಕು. ತೆಳುವಾಗಿ ಹಾಕಿದ ಕಣದ ಮೇಲೆ ಮೂರ್ನಾಲ್ಕು ಟನ್ ಗಾಡಿ ನಿಂತರೆ ಬಿರುಕು ಬಿಡಬಹುದು. ಚಕ್ರದ ಕೆಳಗೆ ಹಲಗೆ ಇಟ್ಟು, ಅಂಚಿನಿಂದ ಒಳಗೆ ನಿಲ್ಲಿಸಬೇಕು. ಸಿದ್ದಾಪುರ, ಮಾಲ್ದಾರೆ ಕಡೆಯ ತೋಟಗಳಲ್ಲಿ ಆನೆ ಬರುವ ದಾರಿಯನ್ನೂ ನೋಡಿಕೊಳ್ಳಬೇಕು. ಒಳಗೆ ಬಾಳೆಹಣ್ಣಿನ ಸಿಪ್ಪೆ, ಅಕ್ಕಿ ಉಳಿದಿದ್ದರೆ ಅದು ಆನೆಗೆ ಕರೆ ಕೊಟ್ಟ ಹಾಗೆ.

ಇದಕ್ಕೆ ಹೋಂಸ್ಟೇಯವರು ಬಾಡಿಗೆ ಕೇಳುವುದು ನ್ಯಾಯವೇ. ಮಳೆಗಾಲದಲ್ಲಿ ಅತಿಥಿಗಳು ಕಡಿಮೆ, ಆದಾಯವೂ ಕಡಿಮೆ. ಬಾಡಿಗೆ ತೆಗೆದುಕೊಂಡರೆ ಹೊಣೆಯ ಲೆಕ್ಕವೂ ಸ್ಪಷ್ಟವಾಗುತ್ತದೆ. ಪತ್ರದಲ್ಲಿ ಬೇಕಾದದ್ದು ಹೆಚ್ಚೇನಿಲ್ಲ: ಗಾಡಿಯ ನಂಬರ್, ಕೀಲಿ ಯಾರ ಹತ್ತಿರ, ವಾರಕ್ಕೆಷ್ಟು ಸಲ ನೋಡುತ್ತಾರೆ, ಕಾಣದಿದ್ದರೆ ಮೊದಲ ಕರೆ ಯಾರಿಗೆ. ಜೊತೆಗೆ ಗಾಡಿ ತೆಗೆಯುವ ತಾರೀಖು. ನವೆಂಬರಿನಲ್ಲಿ ಅರೇಬಿಕಾ ಕೊಯ್ಲು ಶುರುವಾದರೆ ಕಣ ಕಾಫಿಗೆ ಬೇಕು. ಅಷ್ಟರೊಳಗೆ ಮಾಲೀಕರು ಬಂದು ಟರ್ಮಿನಲ್ ಜೋಡಿಸಿ, ಬೀಗ ಬಿಚ್ಚಿ, ಗಾಡಿ ಹೊರಡಿಸಬೇಕು.